ಏಳನೇ ದಾರಿಯ ಸಣ್ಣ ಏರು

ಲಯನಲ್ ಪಿಂಚಿನ್ ಬರೆದ ಪುಸ್ತಕ ಏಳು ವರ್ಷದಿಂದ ನನ್ನ ಅಂಗಡಿಯ ಕಟ್ಟೆಯ ಮೇಲೆ, ಅಂಚೆಚೀಟಿಯ ಡಬ್ಬಿಗೂ ಕೆಮ್ಮಿನ ಮಾತ್ರೆಯ ಸೀಸೆಗೂ ನಡುವೆ ಕೂತಿದೆ. ‘ಬ್ರಾಕಲ್ಟನ್ ಸುತ್ತಮುತ್ತಲಿನ ಹನ್ನೆರಡು ಓಟದ ದಾರಿಗಳು: ದಿನವೂ ತಪ್ಪದೆ ಓಡಿದವನೊಬ್ಬನ ಅನುಭವ’ ಎಂದು ಅದರ ಹೆಸರು. ಹೆಸರು ಓದಿ ಮುಗಿಸುವುದರೊಳಗೇ ಅರ್ಧ ಮೈಲಿ ಓಡಿದಷ್ಟು ಸುಸ್ತಾಗುತ್ತದೆ. ಈ ಪುಸ್ತಕದಿಂದ ನಮ್ಮ ಊರಿನಲ್ಲಿ ಏನೇನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಡುವೆ ಗಿರಾಕಿ ಬಂದರೆ ಎದ್ದು ಹೋಗಬೇಕಾಗುತ್ತದೆ, ಅದಕ್ಕೇ ಸ್ವಲ್ಪ ಅವಸರ.

ಶುರುವಾದದ್ದು ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ, ಲಯನಲ್‌ನ ಹೊಟ್ಟೆಯಿಂದ. ಬೀಜದ ಕಂಪನಿಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುವ ಕೆಲಸ ಅವನದು. ಕೂತಲ್ಲೇ ಕೂತು ಹೊಟ್ಟೆ ಮುಂದೆ ಬಂದಿತ್ತು. ಡಾಕ್ಟರು ಅದನ್ನು ಎರಡು ಬೆರಳಿನಿಂದ ಒತ್ತಿ ನೋಡಿ, ಏನೂ ಹೇಳದೆ ಕೈ ತೊಳೆದುಕೊಂಡರಂತೆ. ಅವನ ಹೆಂಡತಿ ಬೆರಿಲ್‌ಗೆ ಅಷ್ಟು ಸಾಕಾಯಿತು. ಅವತ್ತೇ ಪೇಟೆಗೆ ಹೋಗಿ ಒಂದು ಬಿಳಿ ಚಡ್ಡಿ, ಒಂದು ಜೊತೆ ಓಟದ ಬೂಟು ತಂದು ಅವನ ಮುಂದಿಟ್ಟಳು.

“ದಿನಾ ನಾಲ್ಕಕ್ಕೆ ಹೊರಡು, ಐದೂಕಾಲಿಗೆ ಬಾ,” ಅಂದಳು. “ಬೆವರಿಲ್ದೆ ಬಂದ್ರೆ ಬಾಗ್ಲು ತೆಗೆಯಲ್ಲ.”

ಅಂದಿನಿಂದ ಮಳೆಯಿರಲಿ ಮಂಜಿರಲಿ, ನಾಲ್ಕಕ್ಕೆ ಸರಿಯಾಗಿ ಬಿಳಿ ಚಡ್ಡಿಯ ಲಯನಲ್ ನನ್ನ ಅಂಗಡಿಯ ಮುಂದೆ ಓಡಿಹೋಗುತ್ತಿದ್ದ. ಐದೂಕಾಲಿಗೆ ತಲೆಯಿಂದ ನೀರು ಸೋರಿಸುತ್ತ, ಏದುಸಿರು ಬಿಡುತ್ತ ವಾಪಸ್ಸಾಗುತ್ತಿದ್ದ. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಕೆಲವರ ಮೈಯೇ ಹಾಗೆ ಎಂದು ಬೆರಿಲ್ ನನಗೆ ಸಮಾಧಾನ ಹೇಳಿದ್ದಳು.

ಸಂಜೆ ಊಟಕ್ಕೆ ಕೂತಾಗ ಬೆರಿಲ್ ಕೇಳುವಳು: “ಇವತ್ತು ಯಾವ ಕಡೆ ಹೋಗಿದ್ದೆ?” ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ. ಲಯನಲ್ ಒಂದು ಹಳೆಯ ನಕ್ಷೆ ಕೊಂಡ. ಅದರಲ್ಲಿದ್ದ ಹಳ್ಳ, ತೋಪು, ಸೇತುವೆಗಳ ಹೆಸರು ಬಾಯಿಪಾಠ ಮಾಡಿಕೊಂಡು ದಿನಕ್ಕೊಂದು ದಾರಿ ಹೇಳತೊಡಗಿದ. ಮರುದಿನ ಬೆರಿಲ್ ಅದಕ್ಕೆ ಒಂದು ಮೈಲಿ ಸೇರಿಸಿ ನನ್ನ ಅಂಗಡಿಯಲ್ಲಿ ಹೇಳುತ್ತಿದ್ದಳು. ಕೊನೆಗೊಂದು ದಿನ ನಾನೇ ಬಾಯಿ ತಡೆಯದೆ, “ಇಷ್ಟೆಲ್ಲ ಗೊತ್ತಿರೋನು ಒಂದು ಪುಸ್ತಕ ಬರೀಬಾರ್ದಾ,” ಅಂದುಬಿಟ್ಟೆ. ಹಾಗಾಗಿ ತಪ್ಪಿನಲ್ಲಿ ನನ್ನ ಪಾಲೂ ಇದೆ. ಲಯನಲ್ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿ, ದಾರದ ತುಂಡಿನಿಂದ ಅಳೆದು ಅಳೆದು ಹನ್ನೊಂದು ದಿನದಲ್ಲಿ ಪುಸ್ತಕ ಮುಗಿಸಿದ. ಬಿಡುಗಡೆ ಮಾಡಿದವರು ನಮ್ಮ ಪಾದ್ರಿ ಟಿಮ್ಸ್. ಅವತ್ತು ಅವರಿಗೆ ವಿಪರೀತ ಕೆಮ್ಮು. ‘ದಿನವೂ ತಪ್ಪದೆ ಓಡಿದ’ ಅನ್ನುವಲ್ಲಿಗೆ ಬಂದಾಗಲೆಲ್ಲ ಕೆಮ್ಮಿ ಕೂತುಬಿಡುತ್ತಿದ್ದರು. ನಾನು ಪಾಪ ಎಂದು ಒಂದು ಸೀಸೆ ಮಾತ್ರೆ ಕೊಟ್ಟು ಕಳಿಸಿದೆ.

ಪುಸ್ತಕದ ಏಳನೇ ದಾರಿ ಉದ್ದಗದ್ದೆಯ ಅಂಚಿನಲ್ಲಿ, ಹಳ್ಳದ ಪಕ್ಕದಲ್ಲಿ ಹೋಗಿ ನೆದರ್‌ಕೋಟ್ ಎಂಬ ಪಕ್ಕದ ಊರು ಸೇರುತ್ತದೆ. ನಾಲ್ಕು ಮೈಲಿ. ಅದರ ಬಗ್ಗೆ ಲಯನಲ್ ಹೀಗೆ ಬರೆದಿದ್ದ: ‘ನಡುವೆ ಒಂದು ಸಣ್ಣ ಏರು ಇದೆ, ಓಡುವವನಿಗೆ ಗೊತ್ತೇ ಆಗುವುದಿಲ್ಲ.’

ಆ ಸಣ್ಣ ಏರಿನ ಹೆಸರು ಕಾಗೆಗುಡ್ಡ. ಕುರಿಗಳು ಅದರ ಅರ್ಧಕ್ಕೆ ಬಂದು ಮಲಗಿಬಿಡುತ್ತವೆ. ನಮ್ಮ ಊರಿನ ನರ್ಸ್ ಜಾನಿಸ್ ಓಕ್ಸ್ ಪುಸ್ತಕ ಕೈಯಲ್ಲಿ ಹಿಡಿದು ಮೊದಲ ಸಲ ಆ ದಾರಿ ಓಡಿ ಬಂದವಳು ಸೀದಾ ನನ್ನ ಆಲೂಗಡ್ಡೆ ಮೂಟೆಯ ಮೇಲೆ ಕುಸಿದಳು.

“ಮಾವಿಸ್,” ಅಂದಳು, “ಈ ಲಯನಲ್ ಮನುಷ್ಯನಾ ಕುದುರೇನಾ? ಗೊತ್ತೇ ಆಗಲ್ಲ ಅಂತೆ. ನನ್ಗೆ ನಮ್ಮಜ್ಜಿಯಿಂದ ಹಿಡಿದು ಸತ್ತೋರೆಲ್ಲ ಕಣ್ಮುಂದೆ ಬಂದ್ರು.”

ಆದರೆ ಜಾನಿಸ್ ಹಟದವಳು. ಆ ಗುಡ್ಡವನ್ನು ಬಗ್ಗಿಸಿಯೇ ತೀರುತ್ತೇನೆಂದು ಪ್ರತಿ ಶನಿವಾರ ಹೊರಟಳು. ಅವಳ ಹಿಂದೆ ಒಬ್ಬಳು, ಅವಳ ಹಿಂದೆ ಇನ್ನೊಬ್ಬಳು. ಆರು ವರ್ಷದಲ್ಲಿ ಇಪ್ಪತ್ತು ಹೆಂಗಸರ ಗುಂಪಾಯಿತು. ಮಕ್ಕಳ ತಾಯಂದಿರು, ವಿಧವೆಯರು, ಮಂಡಿ ಕೊಯ್ಸಿಕೊಂಡವರು, ಎಲ್ಲರೂ ಏಳನೇ ದಾರಿಗೆ ಬಿದ್ದರು. ಲಯನಲ್ ಎದುರಿಗೆ ಸಿಕ್ಕರೆ ಗೌರವದಿಂದ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಇದರ ನಡುವೆ ನಮ್ಮೂರಿನ ದೊಡ್ಡಮನೆಯ ಹಳೆಯ ಯಜಮಾನಿ ತೀರಿಕೊಂಡು, ಮನೆ, ತೋಟ, ಉದ್ದಗದ್ದೆ ಎಲ್ಲ ಕ್ರಿಸ್ಪಿನ್ ಹೇಲ್‌ವುಡ್ ಎಂಬ ಮನುಷ್ಯನ ಪಾಲಾಯಿತು. ಸ್ನಾನದಮನೆಯ ಹೆಂಚು ಮಾರಿ ದೊಡ್ಡವನಾದವನು. ಪಟ್ಟಣದಲ್ಲಿದ್ದು ವಾರದ ಕೊನೆಗೆ ಎರಡು ದಿನ ಬಂದು ಹೋಗುವವನು. ಎರಡು ವರ್ಷ ಸುಮ್ಮನಿದ್ದ. ಕಳೆದ ವಸಂತದಲ್ಲಿ ಒಂದು ಶನಿವಾರ ಹೆಂಗಸರು ಹೋಗಿ ನೋಡಿದರೆ ಉದ್ದಗದ್ದೆಯ ಬಾಯಿಗೆ ಮುಳ್ಳುತಂತಿ. ಮೇಲೊಂದು ಫಲಕ: ಖಾಸಗಿ ಜಾಗ, ದಾರಿ ಇಲ್ಲ.

ಆ ದಾರಿ ಬಿಟ್ಟರೆ ನೆದರ್‌ಕೋಟ್ ಕಡೆಗೆ ಓಡಲು ಉಳಿದದ್ದು ಕಲ್ಲುಗಣಿ ರಸ್ತೆ ಒಂದೇ. ಅದರ ಅಂಚಿನಲ್ಲಿ ಒಂದು ಪಾದ ಇಡುವಷ್ಟೂ ಜಾಗವಿಲ್ಲ, ಗಣಿಯ ಲಾರಿಗಳು ಬೇಲಿಯ ಎಲೆ ಉದುರಿಸುತ್ತ ಹೋಗುತ್ತವೆ. ಎರಡನೇ ವಾರವೇ ಒಂದು ಲಾರಿಯ ಕನ್ನಡಿ ಜಾನಿಸ್‌ಳ ಮೊಣಕೈಗೆ ಬಡಿಯಿತು. ಮೂಳೆ ಮುರಿಯಲಿಲ್ಲ. ಆದರೆ ಅವಳು ಕೈಗೆ ಪಟ್ಟಿ ಕಟ್ಟಿಕೊಂಡು ಅಂಗಡಿಗೆ ಬಂದಾಗ ನಗುತ್ತಿರಲಿಲ್ಲ.

“ಒಂದು ಗೇಣು ಆಚೆಯಿದ್ದಿದ್ರೆ ತಲೆ ಕಣೆ,” ಅಂದಳು. “ಆ ದಾರಿ ವಾಪಸ್ ಬರ್ಬೇಕು. ಇಲ್ಲಾಂದ್ರೆ ನಮ್ಮ ಗುಂಪು ಮುಗೀತು.”

ಜಿಲ್ಲಾ ಕಚೇರಿಗೆ ಅರ್ಜಿ ಹೋಯಿತು. ಅಲ್ಲಿಂದ ಕಾಲುದಾರಿಗಳ ಅಧಿಕಾರಿ ಮಿಸ್ ಆಲ್ಡರ್ಟನ್ ಬಂದರು. ತೆಳ್ಳಗಿನ ಹೆಂಗಸು, ಮಂಡಿವರೆಗೆ ರಬ್ಬರು ಬೂಟು, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ. ನನ್ನ ಅಂಗಡಿಯಲ್ಲೇ ನಿಂತು ಎಲ್ಲರಿಗೂ ಕೇಳುವಂತೆ ವಿವರಿಸಿದರು.

“ಸರ್ಕಾರದ ನಕ್ಷೇಲಿ ಈ ದಾರಿ ಇಲ್ಲ. ಆದ್ರೆ ಜನ ಇಪ್ಪತ್ತು ವರ್ಷ ಬಿಡದೆ ಓಡಾಡಿದ್ರೆ ಅದು ದಾರೀನೇ. ಕದ್ದುಮುಚ್ಚಿ ಓಡಾಡಿರ್ಬಾರ್ದು. ಜಗಳ ಮಾಡಿ ನುಗ್ಗಿರ್ಬಾರ್ದು. ಮಾಲೀಕರ ಅಪ್ಪಣೆ ಪಡೆದೂ ಇರ್ಬಾರ್ದು.”

ಅಪ್ಪಣೆ ಕೇಳಿ ನಡೆದವನಿಗೆ ಹಕ್ಕಿಲ್ಲ, ಕೇಳದೆ ನಡೆದವನಿಗೆ ಹಕ್ಕಿದೆ. ನಮ್ಮ ಕಾನೂನು ಹೀಗಿದೆ, ನಾನೇನೂ ಬರೆದದ್ದಲ್ಲ.

“ನಮ್ದು ಬರೀ ಆರು ವರ್ಷ,” ಅಂದಳು ಜಾನಿಸ್. “ಇಪ್ಪತ್ತು ವರ್ಷದಿಂದ ಓಡಿದೋರು ಅಂದ್ರೆ...”

ಇಡೀ ಅಂಗಡಿ ತಿರುಗಿತು. ಸಾಸಿವೆ ಡಬ್ಬಿ ಹಿಡಿದುಕೊಂಡು ಲಯನಲ್ ಬಾಗಿಲ ಹತ್ತಿರ ಹೋಗುತ್ತಿದ್ದ.

“ಇಪ್ಪತ್ತೆರಡು ವರ್ಷ,” ಎಂದು ಬೆರಿಲ್ ಅವನ ಪರವಾಗಿ ಉತ್ತರ ಕೊಟ್ಟಳು. “ವಾರಕ್ಕೆರಡು ಸಲ ಏಳನೇ ದಾರಿ. ನನ್ಗೆ ಊಟದ ಹೊತ್ತಲ್ಲಿ ಹೇಳಿರೋದೆಲ್ಲ ನೆನಪಿದೆ. ಎಲ್ಲಿ ಸಹಿ ಮಾಡ್ಬೇಕು, ತೋರಿಸಿ.”

ಲಯನಲ್ ಸಹಿ ಮಾಡಿದ. ಮಂಗಳವಾರ ದಾರಿ ನೋಡುವುದು, ಗುರುವಾರ ಸಭಾಮಂದಿರದಲ್ಲಿ ವಿಚಾರಣೆ ಎಂದು ಮಿಸ್ ಆಲ್ಡರ್ಟನ್ ಹೇಳಿದರು. ಲಯನಲ್ ಸಾಸಿವೆ ಡಬ್ಬಿ ಮರೆತು ಹೋದ.

ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಡಬ್ಬಿ ತೆಗೆದುಕೊಳ್ಳುವ ನೆಪದಲ್ಲಿ ಮತ್ತೆ ಬಂದ. ಬಿಸ್ಕತ್ತಿನ ಕಪಾಟಿನ ಹಿಂದೆ ಒಮ್ಮೆ, ಬಾಗಿಲ ಹೊರಗೆ ಒಮ್ಮೆ ಇಣುಕಿದ.

“ಮಾವಿಸ್, ಏಳನೇ ದಾರೀಲಿ ಗೇಟು ಎಷ್ಟಿವೆ?”

“ನೀನು ತಾನೆ ಇಪ್ಪತ್ತೆರಡು ವರ್ಷ ಓಡಿದೋನು?”

“ಓಡೋವಾಗ ಯಾರು ಎಣಿಸ್ತಾರೆ?”

ನಾನು ಅವನ ಕಣ್ಣನ್ನೇ ನೋಡಿದೆ. ಅಂಗಡಿಯವಳ ನೋಟಕ್ಕೆ ಎಂಥವನೂ ಹೆಚ್ಚು ಹೊತ್ತು ನಿಲ್ಲಲಾರ. ಲಯನಲ್ ಮೂಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡ.

“ನಾನು ಆ ದಾರಿ ನೋಡೇ ಇಲ್ಲ ಕಣೆ. ಯಾವ ದಾರೀನೂ ನೋಡಿಲ್ಲ. ದೊಡ್ಡಮನೆ ಹಣ್ಣಿನ ತೋಟದಲ್ಲಿ ಅಡ್ಡ ನಡೆದ್ರೆ ಹನ್ನೆರಡು ನಿಮಿಷಕ್ಕೆ ನೆದರ್‌ಕೋಟ್ ಪಬ್ಬು. ಅಲ್ಲಿ ಒಂದು ಮಾಂಸದ ಪೈ, ಅರ್ಧ ಗ್ಲಾಸು ಬಿಯರ್. ಬರೋವಾಗ ತೋಟದ ಕುದುರೆ ತೊಟ್ಟೀಲಿ ತಲೆ ಅದ್ದಿಕೊಂಡು ಬರ್ತೀನಿ. ಬೆರಿಲ್‌ಗೆ ಗೊತ್ತಾದ್ರೆ ನನ್ನ ಕಥೆ ಮುಗೀತು.”

“ಹೋಗಿ ಆ ಅಧಿಕಾರಿಗೆ ನಿಜ ಹೇಳು.”

“ಹೇಳಿದ್ರೆ ಜಾನಿಸ್‌ಳ ದಾರಿ ಹೋಗುತ್ತೆ. ಹೇಳ್ದಿದ್ರೆ ಮಂಗಳವಾರ ಆಯಮ್ಮನ ಮುಂದೆ ಆ ದಾರೀಲಿ ನಡೆದು ಗುರುತು ತೋರಿಸ್ಬೇಕು.”

ನನಗೆ ಕರುಣೆ ಬಂತು, ನಗುವೂ ಬಂತು. ಮುಖ್ಯವಾಗಿ ಬೆರಿಲ್‌ಳನ್ನು ನೆನೆದು ನಗು. ಇಪ್ಪತ್ತೆರಡು ವರ್ಷ ಗಂಡ ದಿನಕ್ಕೊಂದು ಪೈ ತಿಂದು ಬಂದಿದ್ದಾನೆ, ಇವಳಿಗೆ ವಾಸನೆಯೂ ಹತ್ತಲಿಲ್ಲವಲ್ಲ. ನನ್ನ ಗಂಡ ವಿಲ್ಫ್ ಇದ್ದಾನೆ. ಪ್ರತಿ ಗುರುವಾರ ಸಂಜೆ ಐದಕ್ಕೆ ಚರ್ಚಿನ ಗಂಟೆ ಬಾರಿಸುವ ಅಭ್ಯಾಸಕ್ಕೆ ಹೋಗುತ್ತಾನೆ. ಅಂಗಡಿಗೆ ಗಂಟೆಯ ಸದ್ದು ಕೇಳುವುದಿಲ್ಲವಲ್ಲ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅಭ್ಯಾಸದ ದಿನ ಊರಿಗೆ ತೊಂದರೆಯಾಗದಿರಲಿ ಅಂತ ಗಂಟೆಯ ನಾಲಗೆಗೆ ಚರ್ಮ ಸುತ್ತುತ್ತೇವೆ ಎಂದು ವಿವರವಾಗಿ ಹೇಳಿದ. ಗಂಡ ಅಂದರೆ ಹೀಗಿರಬೇಕು. ಕೇಳಿದ್ದಕ್ಕೆ ಉತ್ತರ ಕೊಡಬೇಕು.

ಗೇಟು ಐದು ಎಂದು ಜಾನಿಸ್ ಹೇಳಿದ್ದು ನೆನಪಿತ್ತು. ಲಯನಲ್‌ಗೆ ಹೇಳಿ ಕಳಿಸಿದೆ.

ಮಂಗಳವಾರ ಬೆಳಗ್ಗೆ ತಂತಿ ಸರಿಸಿ ಎಲ್ಲರೂ ಹೊರಟೆವು. ಮುಂದೆ ಬಿಳಿ ಚಡ್ಡಿಯಲ್ಲಿ ಲಯನಲ್, ಅವನ ಹಿಂದೆ ಬರೆಯುವ ಹಲಗೆ ಹಿಡಿದ ಮಿಸ್ ಆಲ್ಡರ್ಟನ್, ಅವರ ಹಿಂದೆ ಬೆರಿಲ್, ಜಾನಿಸ್, ನಾನು. ಎಲ್ಲರಿಗಿಂತ ಹಿಂದೆ, ಇದಕ್ಕೆಂದೇ ಪಟ್ಟಣದಿಂದ ಬಂದಿದ್ದ ಹೇಲ್‌ವುಡ್. ಅವನ ಬೂಟಿನ ಮೇಲೆ ಬೆಲೆಯ ಚೀಟಿ ಇನ್ನೂ ಇತ್ತು.

“ಒಂದು,” ಎಂದ ಲಯನಲ್, ಮೊದಲ ಗೇಟು ಕಂಡ ತಕ್ಷಣ. ಕಳೆದುಹೋದ ನೆಂಟ ಸಿಕ್ಕ ಹಾಗೆ ಅದರ ಬೆನ್ನು ತಟ್ಟಿದ. “ಒಟ್ಟು ಐದು. ಬೇಕಾದ್ರೆ ಎಣಿಸಿಕೊಳ್ಳಿ.”

“ನಿಮ್ಮ ಪುಸ್ತಕದಲ್ಲಿ ಇಲ್ಲೊಂದು ದೊಡ್ಡ ಓಕ್ ಮರ ಇದೆ ಅಂತ ಬರೆದಿದ್ದೀರಿ,” ಎಂದರು ಮಿಸ್ ಆಲ್ಡರ್ಟನ್.

“ಇದ್ಯಲ್ಲ, ಭಾರೀ ಮರ. ದಿನಾ ಅದರ ನೆರಳಲ್ಲೇ...” ಎಂದು ಕೈ ಎತ್ತಿದ ಲಯನಲ್ ಹಾಗೇ ನಿಂತ. ಅಲ್ಲಿ ಒಂದು ಬುಡ ಇತ್ತು. ಬುಡದ ಮೇಲೆ ಪಾಚಿ, ಪಾಚಿಯ ನಡುವೆ ಆಳೆತ್ತರದ ಪೊದೆ.

“ಯಾವಾಗ ಬಿತ್ತು?”

“ಮೊನ್ನೆ ಇತ್ತಲ್ಲ,” ಅಂದ ಲಯನಲ್.

“ನಾನು ಮದುವೆಯಾದ ವರ್ಷ ಬಿರುಗಾಳಿಗೆ ಬಿದ್ದಿದ್ದು,” ಎಂದು ಜಾನಿಸ್ ನಿಧಾನವಾಗಿ ಹೇಳಿದಳು. ಅವಳಿಗೆ ಮದುವೆಯಾಗಿ ಹದಿನಾಲ್ಕು ವರ್ಷ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಮಿಸ್ ಆಲ್ಡರ್ಟನ್ ಏನೋ ಬರೆದುಕೊಂಡರು.

ಆಮೇಲೆ ಕಾಗೆಗುಡ್ಡ ಬಂತು. ಲಯನಲ್ ತಲೆಯೆತ್ತಿ ನೋಡಿದ. ಇನ್ನೂ ಎತ್ತಿ ನೋಡಿದ. ಗುಡ್ಡ ಮುಗಿಯಲೇ ಇಲ್ಲ.

“ಇದ್ಯಾವುದು?” ಎಂದು ನನ್ನ ಕಿವಿಯಲ್ಲಿ ಕೇಳಿದ.

“ಇದೇ ನಿನ್ನ ಸಣ್ಣ ಏರು,” ಅಂದೆ.

ಕಾಲು ಭಾಗಕ್ಕೆ ಅವನ ಮುಖ ಕೆಂಪಾಯಿತು, ಅರ್ಧಕ್ಕೆ ಬೂದಿಯಾಯಿತು. ಕುರಿಗಳು ಮಲಗುವ ಜಾಗದಲ್ಲೇ ದೊಪ್ಪನೆ ಕೂತ. ಜಾನಿಸ್ ನಾಡಿ ಹಿಡಿದಳು.

“ದಿನಾ ಇಲ್ಲಿ ಕೂತು ನೋಟ ನೋಡ್ತೀನಿ,” ಅಂದ ಲಯನಲ್. ಅವನ ಮೂಗಿನಿಂದ ಒಂದು ಮೊಳ ದೂರದಲ್ಲಿ ಮುಳ್ಳಿನ ಬೇಲಿ ಇತ್ತು. ಅದರ ಆಚೆ ಏನೂ ಕಾಣುತ್ತಿರಲಿಲ್ಲ.

“ಚೆನ್ನಾಗಿದೆ ನೋಟ,” ಎಂದ ಹೇಲ್‌ವುಡ್. “ಗುರುವಾರ ಸಭೇಲಿ ಸಿಗೋಣ, ಪಿಂಚಿನ್. ನಾನೂ ಒಬ್ಬ ಸಾಕ್ಷೀನ ಕರ್ಕೊಂಡು ಬರ್ತೀನಿ.”

ವಾಪಸ್ ಬರುವಾಗ ಬೆರಿಲ್, ಅವನಿಗೆ ಇವತ್ತು ಹೊಟ್ಟೆ ಸರಿಯಿಲ್ಲ ಎಂದು ಎರಡು ಸಲ ಹೇಳಿದಳು. ಮೂರನೇ ಸಲ ಹೇಳಹೊರಟವಳು ತಿರುಗಿ ಗುಡ್ಡವನ್ನು ನೋಡಿದಳು. ಮನೆಗೆ ಬಂದು ವಿಲ್ಫ್‌ಗೆ ಹೇಳಿದರೆ ಅವನೂ ಕೂತಲ್ಲಿ ಕೂರಲಿಲ್ಲ. ಸಾಕ್ಷಿ ಯಾರಂತೆ, ದೊಡ್ಡಮನೆಯ ಮಾಲಿ ಈನಕ್ ಅಂತೂ ಅಲ್ಲ ತಾನೆ ಎಂದು ಮೂರು ಸಲ ಕೇಳಿದ. ಗೆಳೆಯನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡೆ.

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಊರಿನ ಸಭಾಮಂದಿರ ತುಂಬಿತು. ಮುಂದಿನ ಸಾಲಿನಲ್ಲಿ ಜಾನಿಸ್ ಮತ್ತು ಅವಳ ಇಪ್ಪತ್ತು ಹೆಂಗಸರು, ಅವರ ನಡುವೆ ಬೆರಿಲ್, ಬೆರಿಲ್‌ಳ ಪಕ್ಕ ಲಯನಲ್. ಗಂಡಸರೆಲ್ಲ ಹಿಂದೆ, ಬಾಗಿಲ ಹತ್ತಿರ ನಿಂತಿದ್ದರು. ಕುರ್ಚಿ ಖಾಲಿ ಇದ್ದರೂ ಕೂರಲಿಲ್ಲ.

ಹೇಲ್‌ವುಡ್‌ನ ಸಾಕ್ಷಿ ಒಳಗೆ ಬಂದ. ಮಾಲಿ ಈನಕ್ ಪಾರ್ಜಿಟರ್‌ನೇ. ನಲವತ್ತು ವರ್ಷದಿಂದ ದೊಡ್ಡಮನೆಯ ಹಣ್ಣಿನ ತೋಟ ನೋಡಿಕೊಳ್ಳುವವನು. ಕೈಗಾಡಿಯನ್ನು ತಳ್ಳಿಕೊಂಡು ಬಂದ; ಗಾಡಿಯ ತುಂಬ ಪುಸ್ತಕ, ಎಲ್ಲವೂ ಮಣ್ಣಾದವು.

ಈನಕ್‌ಗೆ ಹೆಂಡತಿ ಮಕ್ಕಳಿಲ್ಲ, ರೂಬಾರ್ಬ್ ಇದೆ. ಪೈಗೆ ಹಾಕುವ ಆ ಕೆಂಪು ಹುಳಿದಂಟನ್ನು ಅವನು ಬೆಳೆಸಿದ ಹಾಗೆ ಈ ಸೀಮೆಯಲ್ಲಿ ಯಾರೂ ಬೆಳೆಸಿಲ್ಲ. ಅದರ ಮಡಿಯನ್ನು ಯಾರು ಯಾವ ದಿನ ಎಷ್ಟು ಹೊತ್ತಿಗೆ ತುಳಿದರು ಎಂಬುದನ್ನು ವರ್ಷಕ್ಕೊಂದು ಪುಸ್ತಕದಂತೆ ಬರೆದಿಟ್ಟಿದ್ದ.

“ಓದು,” ಎಂದ ಹೇಲ್‌ವುಡ್, ಕೈಕಟ್ಟಿ ಹಿಂದಕ್ಕೆ ಒರಗಿ.

ಈನಕ್ ಕನ್ನಡಕ ಏರಿಸಿದ. “ಮಾರ್ಚ್ ಒಂಬತ್ತು. ನಾಲ್ಕೂ ಹತ್ತು. ಪಿಂಚಿನ್, ಬಿಳಿ ಚಡ್ಡಿ. ನಡ್ಕೊಂಡು ಹೋದ. ಎರಡು ದಂಟು ಮುರಿದ. ಐದು ಗಂಟೆ. ಪಿಂಚಿನ್ ವಾಪಸ್. ಬಾಯಲ್ಲಿ ಪೈ. ಕುದುರೆ ತೊಟ್ಟೀಲಿ ತಲೆ ಅದ್ದಿದ. ಮಾರ್ಚ್ ಹತ್ತು. ನಾಲ್ಕೂ ಹತ್ತು. ಪಿಂಚಿನ್. ಒಂದು ದಂಟು. ಐದು ಗಂಟೆ. ಪಿಂಚಿನ್. ಪೈ. ತೊಟ್ಟಿ.”

ಹೀಗೆ ಒಂದು ತಿಂಗಳು ಓದಿದ.

“ತೊಟ್ಟಿ,” ಎಂದಳು ಬೆರಿಲ್ ಮೆಲ್ಲಗೆ, ಯಾರಿಗೂ ಅಲ್ಲದೆ. ಲಯನಲ್ ತನ್ನ ಬೂಟನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷವಾದರೂ ಅದರ ಅಟ್ಟೆ ಸವೆದಿರಲಿಲ್ಲ ಎಂಬುದು ನನಗೆ ಆಗ ಕಾಣಿಸಿತು.

“ಕೇಳಿದ್ರಲ್ಲ,” ಎಂದು ಹೇಲ್‌ವುಡ್ ಎದ್ದು ನಿಂತ. “ಈ ಮನುಷ್ಯ ಉದ್ದಗದ್ದೇಲಿ ಒಂದು ದಿನಾನೂ ಓಡಿಲ್ಲ. ಇಪ್ಪತ್ತೆರಡು ವರ್ಷ ನಡೆದಿದ್ದು ನನ್ನ ತೋಟದಲ್ಲಿ, ನನ್ನ ತಿಂಡಿ ಕೋಣೆ ಕಿಟಕಿ ಮುಂದೆ. ಆ ಉದ್ದಗದ್ದೆ ದಾರಿ ಬರೀ ಸುಳ್ಳು.”

ಜಾನಿಸ್ ಕಣ್ಣು ಮುಚ್ಚಿದಳು. ಅವಳ ದಾರಿ ಹೋಯಿತು ಎಂದು ಎಲ್ಲರಿಗೂ ಗೊತ್ತಾಯಿತು. ಮಿಸ್ ಆಲ್ಡರ್ಟನ್ ಮಾತ್ರ ಒಂದು ಹಾಳೆ ಮಗುಚಿ, ಹೊಸ ಹಾಳೆಯ ಮೇಲೆ ಲೇಖನಿ ಇಟ್ಟರು.

“ಕದ್ದುಮುಚ್ಚಿ ನಡೀತಿದ್ರಾ?”

“ಎಲ್ಲಿಯ ಕದ್ದುಮುಚ್ಚಿ? ಹಾಡಹಗಲೇ, ಬಿಳಿ ಚಡ್ಡೀಲಿ. ಹಳೇ ಯಜಮಾನಿ ಕಿಟಕೀಲಿ ಕೂತಿದ್ರೆ ಕೈ ಎತ್ತಿ ನಮಸ್ಕಾರ ಬೇರೆ ಮಾಡ್ತಿದ್ನಂತೆ. ಅಲ್ವಾ ಈನಕ್?”

“ಹೌದು, ಬರೆದಿದ್ದೀನಿ,” ಎಂದ ಈನಕ್.

“ಯಾರಾದ್ರೂ ತಡೆದಿದ್ರಾ? ಜಗಳ, ಗಲಾಟೆ?”

“ಆಯಮ್ಮ ಯಾರ್ಗೂ ಒಂದು ಮಾತು ಅಂದೋರಲ್ಲ. ಈನಕ್ ಬರೀತಿದ್ದ ಅಷ್ಟೇ.”

“ಅಪ್ಪಣೆ ಕೊಟ್ಟಿದ್ರಾ?”

“ಅಪ್ಪಣೆ?” ಹೇಲ್‌ವುಡ್‌ನ ಧ್ವನಿ ಏರಿತು. “ಆಯಮ್ಮನೂ ಕೊಟ್ಟಿಲ್ಲ, ನಾನೂ ಕೊಟ್ಟಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನಾನೂ ಇವನು ಕೇಳ್ಲೇ ಇಲ್ಲ. ಅದನ್ನೂ ಬರ್ಕೊಳ್ಳಿ.”

“ಬರ್ಕೊಂಡೆ,” ಎಂದರು ಮಿಸ್ ಆಲ್ಡರ್ಟನ್. ಆಗ ಜಾನಿಸ್ ಕಣ್ಣು ತೆರೆದಳು. ನೆಟ್ಟಗೆ ಕೂತಳು. “ಆದ್ರೆ ಒಬ್ಬ ಮನುಷ್ಯ ನಡೆದಿದ್ದು ಸಾಲದು. ಊರಿನ ಜನ ಅಂತ ಇರ್ಬೇಕು.”

“ಒಬ್ಬನೇ ಅಂದ್ಕೊಂಡ್ರಾ?” ಹೇಲ್‌ವುಡ್‌ಗೆ ಈಗ ಹುರುಪು ತಡೆಯಲಾಗುತ್ತಿರಲಿಲ್ಲ. “ಇಡೀ ಊರೇ ಹೀಗೆ. ಈನಕ್, ಗುರುವಾರದ್ದು ಓದು.”

ಬಾಗಿಲ ಹತ್ತಿರ ಕಾಲು ಸದ್ದಾಯಿತು. ಅಷ್ಟರಲ್ಲಿ ಜಾನಿಸ್‌ಳ ಗುಂಪಿನ ಇಬ್ಬರು ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು.

“ಗುರುವಾರ,” ಎಂದ ಈನಕ್. “ಐದು ಗಂಟೆ. ಪಾದ್ರಿ ಟಿಮ್ಸ್. ಬೀಗರ ಮನೆಗೆ ಹೋಗೋ ಥರ ಹೋದ್ರು. ಐದೂ ಎರಡು. ಕಟುಕ ಹಾಬ್ಸ್, ಅವನ ತಮ್ಮ. ಐದೂ ಮೂರು. ವಿಲ್ಫ್ ಡಾಡ್, ಅಂಗಡಿ ಮಾವಿಸ್‌ಳ ಗಂಡ. ಮೂರು ದಂಟು.”

ಕೆಮ್ಮು ಶುರುವಾಯಿತು. ಪಾದ್ರಿಯದು. ಈ ಸಲ ನಾನು ಮಾತ್ರೆ ಕೊಡಲಿಲ್ಲ. ನನಗೆ ಗಂಟೆಯ ನಾಲಗೆಗೆ ಸುತ್ತಿದ ಚರ್ಮ ನೆನಪಾಗುತ್ತಿತ್ತು. ಹತ್ತೊಂಬತ್ತು ವರ್ಷ ಅದನ್ನು ನಂಬಿದ್ದೆ. ಅದು ಹಸುವಿನ ಚರ್ಮವೋ ಆಡಿನ ಚರ್ಮವೋ ಎಂದು ಕೂಡ ನಾನು ಕೇಳಿದ್ದೆ, ಅವನು ಹೇಳಿದ್ದ. ಬೆರಿಲ್ ಕುತ್ತಿಗೆ ತಿರುಗಿಸಿ ನನ್ನನ್ನೊಮ್ಮೆ ನೋಡಿದಳು.

“ಮಾಲಿಯ ಪುಸ್ತಕ ಮಾಲಿಯ ಮಾತು ಅಷ್ಟೇ,” ಎಂದರು ಮಿಸ್ ಆಲ್ಡರ್ಟನ್. “ನಡೆದೋರು ತಾವೇ ಎದ್ದು ಹೇಳ್ಬೇಕು. ಯಾರಾದ್ರೂ ಇದ್ದೀರಾ?”

ಯಾರೂ ಇರಲಿಲ್ಲ. ಇಷ್ಟು ಗಂಡಸರು ಒಂದೇ ಸಲ ತಮ್ಮ ಬೂಟು ನೋಡಿಕೊಂಡಿದ್ದನ್ನು ನಾನು ಸಾವಿನ ಮನೆಯಲ್ಲೂ ಕಂಡಿಲ್ಲ. ಜಾನಿಸ್ ಲಯನಲ್‌ನ ಕಡೆಗೆ ಬಾ‍ಗಿ, ಪಟ್ಟಿ ಕಟ್ಟಿದ ಮೊಣಕೈಯನ್ನು ಅವನ ಮಡಿಲಲ್ಲಿಟ್ಟಳು.

“ಆ ತೋಟದ ದಾರೀನೂ ನೆದರ್‌ಕೋಟ್‌ಗೇ ಹೋಗುತ್ತೆ ತಾನೆ?” ಎಂದಳು. “ಲಾರಿ ಇಲ್ದೆ ಹೋಗುತ್ತೆ ತಾನೆ? ಎದ್ದು ಹೇಳೋ ಲಯನಲ್. ನೀನು ಎದ್ರೆ ಉಳಿದೋರೂ ಏಳ್ತಾರೆ.”

ಲಯನಲ್ ಜಾನಿಸ್‌ಳನ್ನು ನೋಡಿದ. ಅವಳಿಗಿಂತ ಹೆಚ್ಚು ಹೊತ್ತು ಬೆರಿಲ್‌ಳನ್ನು ನೋಡಿದ. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಎದ್ದ.

“ಬೆರಿಲ್,” ಎಂದ. “ನಾನು ಒಂದು ದಿನಾನೂ ಓಡಿಲ್ಲ. ನಿನ್ನ ಕಣ್ಣಿಗೆ ಮರೆಯಾಗೋವರ್ಗೂ ಓಡ್ತಿದ್ದೆ, ಆಮೇಲೆ ನಡೀತಿದ್ದೆ. ಮೊದಲನೇ ದಿನಾನೇ ಹೇಳ್ಬೇಕಿತ್ತು. ನೀನು ಎಷ್ಟು ಹೆಮ್ಮೆಯಿಂದ ಎಲ್ಲರ ಹತ್ರ ಹೇಳ್ಕೋತಿದ್ದೆ ಅಂದ್ರೆ, ಹೇಳೋಕೆ ಬಾಯೇ ಬರ್ಲಿಲ್ಲ. ನನ್ಗೆ ತುಂಬ ನಾಚಿಕೆಯಾಗ್ತಿದೆ.” ಆಮೇಲೆ ಅಧಿಕಾರಿಯ ಕಡೆ ತಿರುಗಿದ. “ನಾನು ಮೊದಲು ಕೊಟ್ಟ ಹೇಳಿಕೆ ಸುಳ್ಳು, ವಾಪಸ್ ತಗೋತೀನಿ. ಈನಕ್ ಬರೆದಿದ್ದು ಒಂದೊಂದು ದಂಟೂ ನಿಜ.”

ಅವನು ಕೂರಲಿಲ್ಲ. ಒಂದು ನಿಮಿಷ ಒಬ್ಬನೇ ನಿಂತಿದ್ದ. ಆಮೇಲೆ ಪಾದ್ರಿ ಟಿಮ್ಸ್, “ನಾನೂ,” ಎಂದು ಕೈ ಎತ್ತಿದರು. ಕಟುಕ ಹಾಬ್ಸ್, ಅವನ ತಮ್ಮ. ಅಂಚೆಯವನು. ಹದಿಮೂರು ಮಂದಿ. ಎಲ್ಲರಿಗಿಂತ ಕೊನೆಗೆ, ಕಂಬದ ಹಿಂದಿನಿಂದ ವಿಲ್ಫ್‌ನ ಕೈ ಮೇಲೆ ಬಂತು. ಕೈ ಮಾತ್ರ. ಮುಖ ಬರಲಿಲ್ಲ.

ಮಿಸ್ ಆಲ್ಡರ್ಟನ್ ಎಲ್ಲರ ಹೆಸರು ಬರೆದುಕೊಂಡು ಲೇಖನಿಯ ಮುಚ್ಚಳ ಹಾಕಿದರು.

“ಉದ್ದಗದ್ದೆ ದಾರಿಗೆ ಸಾಕ್ಷಿ ಇಲ್ಲ,” ಎಂದರು. “ಹಣ್ಣಿನ ತೋಟದ ದಾರಿಗೆ ಇದಕ್ಕಿಂತ ಒಳ್ಳೇ ಸಾಕ್ಷಿ ನನ್ನ ಇಡೀ ನೌಕರೀಲಿ ನೋಡಿಲ್ಲ. ಮಾಲೀಕರೇ ಗಾಡೀಲಿ ತಂದಿದ್ದಾರೆ. ಹೇಲ್‌ವುಡ್ ಅವ್ರೆ, ನಿಮ್ಮ ಕಿಟಕಿ ಮುಂದಿನದು ಸಾರ್ವಜನಿಕ ದಾರಿ ಅಂತ ನಾನು ಶಿಫಾರಸು ಮಾಡ್ತೀನಿ.”

ಹೇಲ್‌ವುಡ್ ಮೊದಲು ಈನಕ್‌ನನ್ನು ನೋಡಿದ, ಆಮೇಲೆ ಗಾಡಿಯನ್ನು.

ಮುಂದಿನ ಶನಿವಾರದಿಂದ ಬೆಳಗ್ಗೆ ಎಂಟಕ್ಕೆ ಇಪ್ಪತ್ತೊಂದು ಹೆಂಗಸರು ಹೇಲ್‌ವುಡ್‌ನ ತಿಂಡಿ ಕೋಣೆಯ ಕಿಟಕಿ ಮುಂದೆ ಓಡಿದರು. ಪ್ರತಿಯೊಬ್ಬಳೂ ನಿಂತು ಬೇರೆ ಬೇರೆಯಾಗಿ ಶುಭೋದಯ ಹೇಳಬೇಕೆಂದು ಜಾನಿಸ್ ಕಟ್ಟುನಿಟ್ಟು ಮಾಡಿದ್ದಳು. ಅವನ ಮೊಟ್ಟೆ ತಣ್ಣಗಾಗುತ್ತಿತ್ತಂತೆ. ಆರು ಶನಿವಾರ ತಡೆದುಕೊಂಡ. ಏಳನೆಯದಕ್ಕೆ ನನ್ನ ಅಂಗಡಿಗೆ ಬಂದು, ಜಾನಿಸ್‌ಳ ಮುಂದೆ ಟೋಪಿ ತೆಗೆದು ನಿಂತ.

“ತಾಯಿ, ಉದ್ದಗದ್ದೆ ಶಾಶ್ವತವಾಗಿ ತಗೊಳ್ಳಿ. ತಂತಿ ತೆಗೀತೀನಿ, ಗೇಟಿಗೆ ಎಣ್ಣೆ ಹಾಕಿಸ್ತೀನಿ. ನನ್ನ ಕಿಟಕಿ ನನಗೆ ಬಿಡಿ.”

ಕಾಗದಪತ್ರ ಅಲ್ಲಿಂದಿಲ್ಲಿಗೆ ಓಡಾಡಿ ಮುಗಿಯುವಷ್ಟರಲ್ಲಿ ಚಳಿಗಾಲ ಕಳೆಯಿತು. ಉದ್ದಗದ್ದೆಯ ದಾರಿ ಸರ್ಕಾರದ ನಕ್ಷೆಗೆ ಏರಿತು. ತೋಟದ ದಾರಿ ಮುಚ್ಚಿತು. ಈನಕ್ ರೂಬಾರ್ಬ್ ಮಡಿಯ ಪಕ್ಕ ಕೂತು ಅತ್ತನೆಂದು ಹೇಳುತ್ತಾರೆ, ಸಂತೋಷಕ್ಕೋ ಬರೆಯಲು ಏನೂ ಉಳಿಯಲಿಲ್ಲವೆಂದೋ ಗೊತ್ತಿಲ್ಲ. ವಿಲ್ಫ್ ಈಗ ಗುರುವಾರ ಐದಕ್ಕೆ ನಿಜವಾಗಿ ಗಂಟೆ ಬಾರಿಸುತ್ತಾನೆ. ಚರ್ಮವಿಲ್ಲದೆ ಬಾರಿಸಬೇಕು ಎಂದು ನಾನು ಹೇಳಿದ್ದೇನೆ. ಎರಡು ನಿಮಿಷ ಸದ್ದು ನಿಂತರೆ ಅಂಗಡಿ ಬಾಗಿಲು ಹಾಕಿ ನೋಡಲು ಹೋಗುತ್ತೇನೆ.

ಬೆರಿಲ್ ಗಂಡನ ಜೊತೆ ಹನ್ನೊಂದು ದಿನ ಮಾತು ಬಿಟ್ಟಿದ್ದಳು. ಹನ್ನೆರಡನೇ ದಿನ ಪೇಟೆಗೆ ಹೋಗಿ ಎರಡು ಚಡ್ಡಿ ತಂದಳು. ಒಂದು ಅವನಿಗೆ, ಒಂದು ತನಗೆ.

“ಪಬ್ಬಿಗೆ ಹೋಗ್ಬೇಡ ಅಂದೋರ್ಯಾರು?” ಅಂದಳಂತೆ. “ದಾರಿ ಇದ್ಯಲ್ಲ, ನೀನೇ ಬರೆದಿದ್ದು. ಓಡಿಕೊಂಡು ಹೋಗು, ನಾನೂ ಬರ್ತೀನಿ. ಮೊದಲನೇ ಪುಟದಿಂದ ಶುರು ಮಾಡೋಣ.”

ಕಳೆದ ವಾರ ಅವರು ಏಳನೇ ದಾರಿಗೆ ಬಂದರು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಲಯನಲ್ ಒಳಗೆ ಬಂದ. ತಲೆಯಿಂದ ನೀರು ಸೋರುತ್ತಿತ್ತು, ಆದರೆ ಇದು ತೊಟ್ಟಿಯ ನೀರಲ್ಲ. ಮಂಡಿಯವರೆಗೆ ಕೆಸರು. ಜಾನಿಸ್ ಏಳು ವರ್ಷದ ಹಿಂದೆ ಕುಸಿದ ಅದೇ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು, ಕೈ ಸನ್ನೆಯಲ್ಲಿ ಪೆನ್ಸಿಲ್ ಕೇಳಿದ. ಕಟ್ಟೆಯ ಮೇಲೆ ಉಳಿದಿದ್ದ ತನ್ನ ಪುಸ್ತಕಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು, ಒಂದೊಂದರಲ್ಲೂ ಏಳನೇ ದಾರಿಯ ಪುಟ ತೆಗೆದು ‘ಸಣ್ಣ’ ಅನ್ನುವುದನ್ನು ಕಾಗದ ಹರಿಯುವಷ್ಟು ಗಟ್ಟಿಯಾಗಿ ಹೊಡೆದುಹಾಕಿದ. ‘ಗೊತ್ತೇ ಆಗುವುದಿಲ್ಲ’ ಅನ್ನುವುದನ್ನು ಎರಡು ಸಲ ಹೊಡೆದ.

ಕೊನೆಯ ಪುಸ್ತಕ ಮುಗಿಯುವ ಹೊತ್ತಿಗೆ ಬೆರಿಲ್ ಬಾಗಿಲಲ್ಲಿ ಬಂದು ನಿಂತಳು. ಅವಳ ಕೆನ್ನೆ ಕೆಂಪಗಿತ್ತು, ಹತ್ತು ವರ್ಷ ಚಿಕ್ಕವಳಾದ ಹಾಗೆ ಕಾಣುತ್ತಿದ್ದಳು.

“ಪೆನ್ಸಿಲ್ ಜೇಬಲ್ಲಿ ಇಟ್ಕೋ,” ಎಂದಳು. “ಇನ್ನೂ ಐದು ದಾರಿ ಇವೆ.”